ಹೊಲದಲ್ಲಿ ಅವಳು, ಪಹಣಿಯಲ್ಲಿ ಅವನು

ರೈತ ಮಹಿಳೆ, ಕೃಷಿ ಸಂಶೋಧನೆ ಮತ್ತು ಹೊರನಾಡ ಕನ್ನಡಿಗರ ಹೊಣೆ

ಮುಂಬಯಿ, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಒಂದಿಷ್ಟು ಭೂಮಿಯಿದೆ. ಕರಾವಳಿಯವರಿಗೆ ನಾಲ್ಕೈದು ಮುಡಿ ಗದ್ದೆ, ಕಲಬುರಗಿ, ಬೀದರ, ವಿಜಯಪುರದ ಕಡೆಯವರಿಗೆ ಐದಾರು ಎಕರೆ ಮಳೆಯಾಶ್ರಿತ ಹೊಲ, ಹಾಸನ, ತುಮಕೂರು ಕಡೆಯವರಿಗೆ ರಾಗಿಯ ಹೊಲ. ಹೋಟೆಲು, ಗಿರಣಿ, ಬ್ಯಾಂಕು, ಕಚೇರಿ ಎಂದು ಗಂಡಸರು ಊರು ಬಿಟ್ಟು ಬಂದ ಮೇಲೆ ಆ ಭೂಮಿಯನ್ನು ಹಡಿಲು ಬೀಳದಂತೆ ಕಾಪಾಡಿಕೊಂಡು ಬಂದವರು ಯಾರು? ಬಹಳಷ್ಟು ಮನೆಗಳಲ್ಲಿ ಅಮ್ಮ, ಅತ್ತಿಗೆ, ಅಕ್ಕ, ಇಲ್ಲವೇ ತಮ್ಮನ ಹೆಂಡತಿ. ಆದರೆ ಆ ಜಮೀನಿನ ಪಹಣಿ ತೆಗೆಸಿ ನೋಡಿದರೆ ಅದರಲ್ಲಿ ಇರುವುದು ಮುಂಬಯಿಯಲ್ಲಿರುವ ಮಗನ ಹೆಸರು, ಅಥವಾ ತೀರಿಕೊಂಡು ಇಪ್ಪತ್ತು ವರ್ಷವಾದ ಅಜ್ಜನ ಹೆಸರು. ಹೊಲದಲ್ಲಿ ದುಡಿದವಳ ಹೆಸರು ಅಲ್ಲಿ ಇರುವುದು ಅಪರೂಪ.

ಇದು ಒಂದೆರಡು ಮನೆಯ ಮಾತಲ್ಲ. ಕೇಂದ್ರ ಸರಕಾರದ 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ದುಡಿಯುವ ಮಹಿಳೆಯರಲ್ಲಿ ಸುಮಾರು ಶೇ. 77 ಮಂದಿ ಕೃಷಿಯಲ್ಲೇ ಇದ್ದಾರೆ. ಗ್ರಾಮೀಣ ಪುರುಷರಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಕಡಿಮೆ. ಆದರೆ 2015-16ರ ಕೃಷಿ ಗಣತಿ ನೋಡಿದರೆ ದೇಶದ ಒಟ್ಟು ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿ ಇದ್ದುದು ಸುಮಾರು ಶೇ. 14 ಮಾತ್ರ. ವಿಸ್ತೀರ್ಣದ ಲೆಕ್ಕದಲ್ಲಿ ಶೇ. 12ಕ್ಕಿಂತಲೂ ಕಡಿಮೆ.

ವಿಶ್ವಸಂಸ್ಥೆಯು 2026ನೇ ವರ್ಷವನ್ನು ಅಂತಾರಾಷ್ಟ್ರೀಯ ರೈತ ಮಹಿಳಾ ವರ್ಷವೆಂದು ಘೋಷಿಸಿದೆ. 2023ರಲ್ಲಿ ಸಿರಿಧಾನ್ಯ ವರ್ಷ ಬಂದಾಗ ನಮ್ಮ ಸಂಘ-ಸಂಸ್ಥೆಗಳ ಮಹಿಳಾ ವಿಭಾಗಗಳಿಗೆ ನವಣೆ ಪಾಯಸ, ಸಜ್ಜೆ ರೊಟ್ಟಿಯ ಸ್ಪರ್ಧೆ ಒಂದು ಒಳ್ಳೆಯ ನೆಪವಾಗಿತ್ತು. ಈ ವರ್ಷದ ವಿಷಯ ಅಷ್ಟು ಸುಲಭದ್ದಲ್ಲ. ಬೆಳೆದ ಕೈ ಯಾರದು ಎಂದು ಅದು ಕೇಳುತ್ತದೆ.

ಹೆಸರಿಲ್ಲದಿದ್ದರೆ ಏನಾಗುತ್ತದೆ?

ಮನೆಯ ಹೆಂಗಸು ದುಡಿಯುತ್ತಾಳೆ, ಊಟ ಎಲ್ಲರಿಗೂ ಸಿಗುತ್ತದೆ, ಹೆಸರು ಯಾರದ್ದಾದರೇನು ಎಂದು ಕೇಳುವವರಿದ್ದಾರೆ. ಹಿಂದೆ ಈ ಮಾತು ಸ್ವಲ್ಪಮಟ್ಟಿಗೆ ನಡೆಯುತ್ತಿತ್ತೇನೋ. ಇಂದು ಸರಕಾರದ ನೆರವಿನ ಬಹುತೇಕ ಬಾಗಿಲುಗಳು ತೆರೆಯುವುದು ಭೂ ದಾಖಲೆಯ ಮೂಲಕವೇ. ಕರ್ನಾಟಕದಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜ ಪಡೆಯಲು, ಬೆಂಬಲ ಬೆಲೆಗೆ ತೊಗರಿ ಮಾರಲು, ಬೆಳೆ ಪರಿಹಾರ ಪಡೆಯಲು ‘ಫ್ರೂಟ್ಸ್’ ತಂತ್ರಾಂಶದ ರೈತ ಗುರುತಿನ ಸಂಖ್ಯೆ ಬೇಕು. ಆ ಸಂಖ್ಯೆಯ ಬೆನ್ನಿಗೆ ಸರ್ವೆ ನಂಬರ್ ಇರಬೇಕು. ವರ್ಷಕ್ಕೆ 6,000 ರೂಪಾಯಿ ನೀಡುವ ಪಿ.ಎಂ. ಕಿಸಾನ್ ಯೋಜನೆಯೂ ಭೂ ದಾಖಲೆಯಲ್ಲಿ ಹೆಸರಿರುವ ಕುಟುಂಬಗಳಿಗೇ. ಬೆಳೆಸಾಲಕ್ಕೆ ಬ್ಯಾಂಕಿನವರು ಮೊದಲು ಕೇಳುವುದೂ ಪಹಣಿಯನ್ನೇ.

ಒಂದು ಉದಾಹರಣೆ ಸಾಕು. 2022ರ ಮುಂಗಾರು ಹಂಗಾಮಿನಲ್ಲಿ ಕಲಬುರಗಿ, ಬೀದರ, ಯಾದಗಿರಿ ಭಾಗದ ತೊಗರಿಗೆ ನೆಟೆ ರೋಗ ಬಿದ್ದು, ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ರೈತರು ಬೀದಿಗಿಳಿದರು. 2023ರ ಆರಂಭದಲ್ಲಿ ರಾಜ್ಯ ಸರಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಇಂತಹ ಪರಿಹಾರ ಜಮೆಯಾಗುವುದು ದಾಖಲೆಯಲ್ಲಿ ಹೆಸರಿರುವವರ ಖಾತೆಗೆ. ಬಿತ್ತಿದವಳು, ಕಸ ತೆಗೆದವಳು, ಕುಡಿ ಚಿವುಟಿದವಳು ಬೇರೆ. ಪಹಣಿಯಲ್ಲಿ ಸತ್ತ ಮಾವನ ಹೆಸರೇ ಇದ್ದರೆ ಮೊದಲು ಪೌತಿ ಖಾತೆಯಾಗಬೇಕು, ಅಲ್ಲಿಯವರೆಗೆ ಆ ಹಣ ಯಾರ ಕೈಗೂ ಸುಲಭವಾಗಿ ಬರುವುದಿಲ್ಲ.

ಸೀಗಿ ಹುಣ್ಣಿಮೆಯಲ್ಲಿ ಹೊಲವನ್ನು ಬಸುರಿ ಎಂದು ಪೂಜಿಸಿ ಚರಗ ಚೆಲ್ಲುವವರು ನಾವು. ತುಳುನಾಡಿನ ಕೆಡ್ಡಸದಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆಂದು ನೇಗಿಲು ಮುಟ್ಟದವರೂ ನಾವೇ. ಅಳಿಯಕಟ್ಟು ಇದ್ದ ಮನೆತನಗಳಲ್ಲಂತೂ ಆಸ್ತಿಯ ಹಕ್ಕು ಹೆಣ್ಣಿನ ಸಂತತಿಯ ಮೂಲಕವೇ ಹರಿದು ಬರುತ್ತಿತ್ತು. ಭೂಮಿಯನ್ನು ಹೆಣ್ಣೆಂದು ನಂಬಿದ ನಮಗೆ ಭೂಮಿಯ ಕಾಗದದಲ್ಲಿ ಹೆಣ್ಣಿನ ಹೆಸರು ಬರೆಸಲು ಯಾಕೆ ಇಷ್ಟು ಹಿಂಜರಿಕೆ?

ಜಗತ್ತಿನ ಹಸಿವಿನ ಲೆಕ್ಕ

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನಲ್ಲಿ ಹಸಿವಿನಿಂದ ಬಳಲಿದವರು 67 ಕೋಟಿಗೂ ಅಧಿಕ. ಈ ಹಸಿವಿಗೂ ರೈತ ಮಹಿಳೆಗೂ ನೇರ ನಂಟಿದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಲೆಕ್ಕ ಹಾಕಿ ತೋರಿಸಿತ್ತು. ಪುರುಷರಿಗೆ ಸಿಗುವಷ್ಟೇ ಬೀಜ, ಗೊಬ್ಬರ, ಸಾಲ, ಸಲಕರಣೆ, ತಿಳಿವಳಿಕೆ ಮಹಿಳೆಯರಿಗೂ ಸಿಕ್ಕರೆ ಅವರ ಹೊಲದ ಇಳುವರಿ ಶೇ. 20ರಿಂದ 30ರಷ್ಟು ಹೆಚ್ಚುತ್ತದೆ. ಅದರಿಂದ ಹಸಿದವರ ಸಂಖ್ಯೆ 10ರಿಂದ 15 ಕೋಟಿಯಷ್ಟು ತಗ್ಗಬಹುದು ಎಂಬುದು ಆ ವರದಿಯ ಸಾರ. ಅದೇ ಸಂಸ್ಥೆ 2023ರಲ್ಲಿ ಮತ್ತೊಂದು ವರದಿ ತಂದಿತು. ಕೃಷಿಯಲ್ಲಿ ಹೆಣ್ಣು-ಗಂಡಿನ ನಡುವಿನ ಉತ್ಪಾದಕತೆ ಮತ್ತು ಕೂಲಿಯ ಅಂತರ ಅಳಿದರೆ 4.5 ಕೋಟಿ ಜನ ಆಹಾರದ ಅಭದ್ರತೆಯಿಂದ ಹೊರಬರುತ್ತಾರೆ ಎಂದು ಅದು ಹೇಳಿತು. ಎರಡು ವರದಿಗಳ ಲೆಕ್ಕದ ದಾರಿ ಬೇರೆ ಬೇರೆ, ಹೇಳುವ ಮಾತು ಒಂದೇ. ಹೆಣ್ಣಿನ ಹೊಲ ಕಡಿಮೆ ಬೆಳೆಯುವುದು ಅವಳ ದುಡಿಮೆ ಕಡಿಮೆಯಾದ್ದರಿಂದಲ್ಲ, ಅವಳ ಕೈಗೆ ಸಿಗುವುದು ಕಡಿಮೆಯಾದ್ದರಿಂದ.

ತೊಗರಿಯ ಕಥೆ

ಭೂಮಿಯ ಹೆಸರು ಒಂದು ಪ್ರಶ್ನೆಯಾದರೆ ಸಂಶೋಧನೆ ಇನ್ನೊಂದು. ನಮ್ಮ ಅಡುಗೆಮನೆಯ ತೊಗರಿ ಬೇಳೆಯಿಂದಲೇ ಇದನ್ನು ನೋಡಬಹುದು.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ‘ಇಕ್ರಿಸ್ಯಾಟ್’ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ 1972ರಲ್ಲಿ ಆರಂಭವಾಯಿತು. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಹೀಗೆ ಒಣಭೂಮಿಯ ಬೆಳೆಗಳೇ ಅದರ ಕ್ಷೇತ್ರ. ಹಸಿರು ಕ್ರಾಂತಿ ಗೋಧಿ, ಭತ್ತಗಳ ಹಿಂದೆ ಓಡಿದಾಗ ಹಿಂದುಳಿದ ಬೆಳೆಗಳಿವು. ನೆಟೆ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ, ಬೇರಿನಿಂದ ಒಳಹೊಕ್ಕು ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಔಷಧಿ ಸಿಂಪಡಿಸಿ ಇದನ್ನು ಗೆಲ್ಲುವುದು ಕಷ್ಟ. ಹಾಗಾಗಿ ವಿಜ್ಞಾನಿಗಳು ರೋಗ ತುಂಬಿದ ಮಣ್ಣಿನ ಮಡಿಗಳನ್ನೇ ಬೇಕೆಂದು ತಯಾರಿಸಿ, ಅದರಲ್ಲಿ ಬಗೆಬಗೆಯ ತೊಗರಿಯನ್ನು ಬಿತ್ತಿ, ಬದುಕಿ ಉಳಿದ ಗಿಡಗಳಿಂದ ಬೀಜ ಆರಿಸುತ್ತಾ ಬಂದರು. ಹೀಗೆ ಬಂದ ಒಂದು ತಳಿ 1986ರಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. 1990ರ ದಶಕದ ಆರಂಭಕ್ಕೆ ಕಲಬುರಗಿ ಭಾಗದ ತೊಗರಿ ಹೊಲಗಳ ದೊಡ್ಡ ಪಾಲನ್ನು ಅದು ಆವರಿಸಿತ್ತು. ಮುಂದೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿ.ಎಸ್.3ಆರ್ ಮೊದಲಾದ ತಳಿಗಳು ಬಂದವು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಇಷ್ಟೆಲ್ಲ ಆದರೂ 2022ರಲ್ಲಿ ನೆಟೆ ರೋಗ ಮರಳಿ ಬಂತು. ಸಂಶೋಧನೆ ಎಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ರೋಗಾಣು ಬದಲಾಗುತ್ತದೆ, ಮಳೆಯ ಕಾಲ ಬದಲಾಗುತ್ತದೆ, ಒಂದೇ ಹೊಲದಲ್ಲಿ ವರ್ಷ ವರ್ಷವೂ ತೊಗರಿಯನ್ನೇ ಹಾಕಿದರೆ ಮಣ್ಣಿನಲ್ಲಿ ರೋಗ ಕೂಡುತ್ತಾ ಹೋಗುತ್ತದೆ. ಬಿತ್ತಿದ ಸುಮಾರು 50 ದಿನಕ್ಕೆ ಗಿಡದ ಕುಡಿ ಚಿವುಟಿದರೆ ಹೆಚ್ಚು ರೆಂಬೆ ಒಡೆದು ಹೆಚ್ಚು ಕಾಯಿ ಬಿಡುತ್ತದೆ ಎಂದು ಕೃಷಿ ವಿಶ್ವವಿದ್ಯಾಲಯದವರು ಹೇಳಿಕೊಡುತ್ತಾರೆ. ಆ ಮಾತನ್ನು ಹೊಲದಲ್ಲಿ ಬಾಗಿ ನಿಂತು ಗಿಡಗಿಡಕ್ಕೂ ಮಾಡಿ ತೋರಿಸುವವು ಹೆಚ್ಚಾಗಿ ಹೆಂಗಸರ ಬೆರಳುಗಳು. ಆದರೆ ತರಬೇತಿ ಶಿಬಿರಕ್ಕೆ ಕರೆಬರುವುದು ಪಹಣಿಯಲ್ಲಿ ಹೆಸರಿರುವ ‘ರೈತ ಬಾಂಧವ’ರಿಗೆ.

ನಮ್ಮ ದೇಶದ ತೊಗರಿ ನಮಗೆ ಸಾಲುವುದಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳಿಂದ ತರಿಸುತ್ತೇವೆ. ಇದಕ್ಕಾಗಿಯೇ ಭಾರತ 2016ರಲ್ಲಿ ಮೊಜಾಂಬಿಕ್ ಜತೆ ಒಪ್ಪಂದ ಮಾಡಿಕೊಂಡಿತು. ಮುಂಬಯಿಯ ಮನೆಯೊಂದರ ಸಾರಿನಲ್ಲಿ ಕುದಿಯುವ ಬೇಳೆಯನ್ನು ಆಫ್ರಿಕದ ಒಬ್ಬ ಹೆಂಗಸು ತನ್ನ ಸಣ್ಣ ಹೊಲದಲ್ಲಿ ಜೋಳದ ನಡುವೆ ಬೆಳೆದಿರಬಹುದು. ವಿಶ್ವ ಆಹಾರ ಭದ್ರತೆ ಎಂಬ ದೊಡ್ಡ ಮಾತು ಇಷ್ಟು ಹತ್ತಿರದ್ದು.

ಹೆಂಗಸರನ್ನು ಕೇಳಿದಾಗ

ಹೊಸ ತಳಿಯನ್ನು ವಿಜ್ಞಾನಿ ಮೊದಲು ಅಳೆಯುವುದು ಹೆಕ್ಟೇರಿಗೆ ಎಷ್ಟು ಕ್ವಿಂಟಲ್ ಎಂದು. ಹೆಂಗಸರನ್ನು ಕೇಳಿದರೆ ಬೇರೆ ಪ್ರಶ್ನೆಗಳೂ ಬರುತ್ತವೆ. ಬೇಳೆ ಬೇಗ ಬೇಯುತ್ತದೆಯೇ? ಒಡೆದಾಗ ನುಚ್ಚಾಗುತ್ತದೆಯೇ? ಹೊಟ್ಟನ್ನು ದನ ತಿನ್ನುತ್ತದೆಯೇ? ಕಟ್ಟಿಗೆ ಒಲೆಗೆ ಆಗುತ್ತದೆಯೇ? ಮುಂದಿನ ವರ್ಷಕ್ಕೆ ಬೀಜ ಇಟ್ಟರೆ ಹುಳ ಹಿಡಿಯುತ್ತದೆಯೇ? ಇವು ಸಣ್ಣ ಪ್ರಶ್ನೆಗಳೆಂದು ತಳ್ಳಿಹಾಕಿದ ತಳಿಗಳು ಸಂಶೋಧನಾ ಕೇಂದ್ರದ ಬೇಲಿ ದಾಟದೆ ಉಳಿದುಹೋಗುತ್ತವೆ.

ಆಫ್ರಿಕದ ರುವಾಂಡದಲ್ಲಿ ನಡೆದ ಒಂದು ಪ್ರಯೋಗವನ್ನು ಕೃಷಿ ವಿಜ್ಞಾನಿಗಳು ಇಂದಿಗೂ ನೆನೆಯುತ್ತಾರೆ. ಅಲ್ಲಿ ಹುರುಳಿಕಾಯಿಯ ಜಾತಿಯ ಬೀನ್ಸ್ ಕಾಳು ದಿನನಿತ್ಯದ ಆಹಾರ. ಅದನ್ನು ಬೆಳೆಯುವವರು ಹೆಂಗಸರು. ಒಂದೇ ಹೊಲದಲ್ಲಿ ಹಲವು ಬಗೆಯ ಕಾಳು ಬೆರೆಸಿ ಬಿತ್ತುವುದು ಅವರ ಪದ್ಧತಿ. 1980ರ ದಶಕದ ಕೊನೆಯಲ್ಲಿ ಸಂಶೋಧನಾ ಕೇಂದ್ರದವರು ಹಳ್ಳಿಗಳ ಅನುಭವಿ ಹೆಂಗಸರನ್ನೇ ಕರೆಸಿ, ಪ್ರಯೋಗದ ಸಾಲುಗಳಲ್ಲಿ ನಡೆದಾಡಿಸಿ, ನಿಮಗೆ ಯಾವುದು ಬೇಕೋ ಆರಿಸಿಕೊಳ್ಳಿ ಎಂದರು. ಅವರು ಆರಿಸಿದ ತಳಿಗಳು ಅವರ ಹೊಲಗಳಲ್ಲಿ ವಿಜ್ಞಾನಿಗಳು ಆರಿಸಿದ್ದಕ್ಕಿಂತ ಚೆನ್ನಾಗಿ ಬಂದವು. ಮಣ್ಣು ಯಾವುದು, ಬಾಳೆಯ ನೆರಳು ಎಷ್ಟು ಎಂಬುದು ಅವರಿಗೆ ಗೊತ್ತಿತ್ತು.

ಮೊಜಾಂಬಿಕ್ ಮತ್ತು ಉಗಾಂಡದಲ್ಲಿ ಕಿತ್ತಳೆ ಬಣ್ಣದ ಸಿಹಿಗೆಣಸಿನ ತಳಿಗಳನ್ನು ಹರಡಿದ ಕೆಲಸವೂ ಹೀಗೆಯೇ. ‘ಎ’ ಜೀವಸತ್ವ ಸಾಲದೆ ಮಕ್ಕಳ ಕಣ್ಣು ಹೋಗುತ್ತಿದ್ದ ನಾಡುಗಳವು. ಗೆಣಸಿನ ಬಳ್ಳಿಯನ್ನು ಹಿತ್ತಲಿನಲ್ಲಿ ನೆಟ್ಟು, ಮಕ್ಕಳಿಗೆ ಬೇಯಿಸಿ ಕೊಟ್ಟವರು ತಾಯಂದಿರು. ಈ ಸಂಶೋಧನೆಗಾಗಿ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗ, ಜಾನ್ ಲೋ ಅವರಿಗೆ, ಆಹಾರ ಬೆಳೆಗಳಲ್ಲೇ ಪೋಷಕಾಂಶ ಹೆಚ್ಚಿಸುವ ಕೆಲಸಕ್ಕಾಗಿ ಹೋವರ್ತ್ ಬೂಯಿಸ್ ಅವರಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ಇಂತಹ ಸಂಶೋಧನೆಗೆ ಹಣ ಬೇಕು, ಅದೂ ಹತ್ತಿಪ್ಪತ್ತು ವರ್ಷ ಬಿಡದೆ ಬೇಕು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನು ಮುಚ್ಚಿದಾಗ, ಬಡ ದೇಶಗಳ ಬೆಳೆಗಳಿಗಾಗಿ ಅಲ್ಲಿನ ವಿಶ್ವವಿದ್ಯಾಲಯಗಳು ನಡೆಸುತ್ತಿದ್ದ ಅನೇಕ ಸಂಶೋಧನಾ ಕಾರ್ಯಗಳು ನಡುವೆಯೇ ನಿಂತುಹೋದವು. ಹೊರಗಿನ ಹಣವನ್ನೇ ನಂಬಿ ಕೂರುವ ಕಾಲ ಇದಲ್ಲ. ನಮ್ಮಲ್ಲಿ ಭುವನೇಶ್ವರದಲ್ಲಿ 1996ರಲ್ಲಿ ಆರಂಭವಾದ, ಕೃಷಿಯಲ್ಲಿ ಮಹಿಳೆಯರಿಗಾಗಿಯೇ ಇರುವ ಕೇಂದ್ರೀಯ ಸಂಸ್ಥೆಯಿದೆ. ಗಂಡಸಿನ ಎತ್ತರ, ತೋಳ್ಬಲಕ್ಕೆ ಮಾಡಿದ ಸಲಕರಣೆಗಳನ್ನು ಹೆಂಗಸರ ಮೈಗೆ ಹೊಂದುವಂತೆ ರೂಪಿಸುವುದು ಅದರ ಕೆಲಸಗಳಲ್ಲೊಂದು.

ನೆರೆಹೊರೆಯ ಮಾದರಿಗಳು

ಬೀದರಿನಿಂದ ಗಡಿ ದಾಟಿದರೆ ಸಿಗುವ ಜಹೀರಾಬಾದ್ ಸೀಮೆಯಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ದಲಿತ ಮಹಿಳೆಯರ ಸಂಘಗಳನ್ನು ಕಟ್ಟಿಕೊಂಡು ಬಂದಿದೆ. ಬೀಳುಬಿದ್ದ ಭೂಮಿಯನ್ನು ಸಾಗುವಳಿಗೆ ತಂದು, ಒಂದೇ ಹೊಲದಲ್ಲಿ ಜೋಳ, ನವಣೆ, ತೊಗರಿ, ಅಲಸಂದೆ ಎಂದು ಹಲವು ಬೆಳೆ ಬೆಳೆದು, ಊರೂರಲ್ಲಿ ಬೀಜ ಬ್ಯಾಂಕು ಮಾಡಿದವರು ಅವರು. 2008ರಲ್ಲಿ ತಮ್ಮದೇ ಸಮುದಾಯ ಬಾನುಲಿ ಆರಂಭಿಸಿದರು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿದ್ದು ಅನಂತರ ಈ ಕೆಲಸಕ್ಕೆ ಬದುಕು ಕೊಟ್ಟವರು. 2023ರಲ್ಲಿ ನಿಧನರಾದರು.

ನಮ್ಮ ಮಹಾರಾಷ್ಟ್ರದಲ್ಲೇ ಅಕೋಲೆ ತಾಲೂಕಿನ ಕೊಂಭಾಳ್ಣೆಯ ರಾಹೀಬಾಯಿ ಪೋಪೆರೆ ಅವರಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ಈ ಆದಿವಾಸಿ ರೈತ ಮಹಿಳೆ ಊರ ಅವರೆ, ಭತ್ತ, ತರಕಾರಿಗಳ ನಾಟಿ ಬೀಜಗಳನ್ನು ಕೂಡಿಹಾಕಿ ಉಳಿಸಿದರು. ಪುಣೆಯ ಬಾಯಫ್ ಸಂಸ್ಥೆ ಅವರ ಜತೆ ನಿಂತಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ ಸಿರಿಧಾನ್ಯ ಮತ್ತು ಬೀಜ ಸಂರಕ್ಷಣೆಯ ಕೆಲಸಕ್ಕಾಗಿ 2025ರಲ್ಲಿ ಅದೇ ಈಕ್ವೇಟರ್ ಪ್ರಶಸ್ತಿ ದೊರೆತದ್ದು ಕನ್ನಡಿಗರೆಲ್ಲ ಹೆಮ್ಮೆಪಡುವ ಸಂಗತಿ.

ಕಾನೂನು ಏನು ಹೇಳುತ್ತದೆ?

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕ ಮತ್ತು ಮಹಾರಾಷ್ಟ್ರ 1994ರಲ್ಲೇ ಕಾನೂನು ತಿದ್ದಿದವು. 2005ರಲ್ಲಿ ಇಡೀ ದೇಶಕ್ಕೆ ಅದು ಅನ್ವಯವಾಯಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ಪಾಲುಪಟ್ಟಿಯ ಹೊತ್ತಿಗೆ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ನಡೆದೇ ಇದೆ.

ಡಾ. ಎಂ.ಎಸ್. ಸ್ವಾಮಿನಾಥನ್ ಅವರು ಭೂಮಿ ಹೆಸರಿನಲ್ಲಿರಲಿ, ಇಲ್ಲದಿರಲಿ, ಸಾಗುವಳಿ ಮಾಡುವ ಹೆಣ್ಣಿಗೆ ಗ್ರಾಮ ಮಟ್ಟದಲ್ಲೇ ರೈತ ಮಹಿಳೆ ಎಂಬ ಪ್ರಮಾಣಪತ್ರ ಕೊಡಬೇಕೆಂದು 2012ರಲ್ಲಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಅಂಗೀಕಾರವಾಗದೆ 2013ರಲ್ಲಿ ಬಿದ್ದುಹೋಯಿತು. ಸ್ವಾಮಿನಾಥನ್ 2023ರಲ್ಲಿ ಅಗಲಿದರು, 2024ರಲ್ಲಿ ಅವರಿಗೆ ಭಾರತರತ್ನ ಸಂದಿತು. ಅವರ ಆ ಮಸೂದೆ ಮಾತ್ರ ಕಾನೂನಾಗಲಿಲ್ಲ.

ಕಾನೂನಿಗೆ ಕಾಯದೆ ಜನರೇ ಮುಂದೆ ಬಂದ ನಿದರ್ಶನವೂ ಇದೆ. ಶರದ್ ಜೋಶಿ ಅವರ ಶೇತಕರಿ ಸಂಘಟನೆ 1990ರ ಸುಮಾರಿಗೆ ‘ಲಕ್ಷ್ಮೀ ಮುಕ್ತಿ’ ಎಂಬ ಆಂದೋಲನ ನಡೆಸಿ, ರೈತರು ತಮ್ಮ ಜಮೀನಿನ ಒಂದು ಭಾಗವನ್ನು ಸ್ವಂತ ಇಚ್ಛೆಯಿಂದ ಹೆಂಡತಿಯ ಹೆಸರಿಗೆ ಮಾಡುವಂತೆ ಕರೆಕೊಟ್ಟಿತು. ಮಹಾರಾಷ್ಟ್ರದ ಅನೇಕ ಹಳ್ಳಿಗಳು ಸ್ಪಂದಿಸಿದವು.

ಸಂಘ-ಸಂಸ್ಥೆಗಳು ಮಾಡಬಹುದಾದದ್ದು

ನಮ್ಮ ಕನ್ನಡ ಸಂಘಗಳು, ಜಾತೀಯ ಸಂಘಟನೆಗಳು, ಊರ ಅಭಿಮಾನಿ ಬಳಗಗಳು ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕೊಠಡಿಗೆ ಉದಾರವಾಗಿ ನೆರವಾಗುತ್ತಾ ಬಂದಿವೆ. ಆ ಸಾಲಿಗೆ ಇನ್ನೂ ಕೆಲವು ಕೆಲಸಗಳನ್ನು ಸೇರಿಸಿಕೊಳ್ಳಬಹುದು.

ಮೊದಲನೆಯದು, ಪೌತಿ ಖಾತೆ ಮತ್ತು ಜಂಟಿ ಖಾತೆಯ ಮಾಹಿತಿ ಶಿಬಿರ. ನಮ್ಮ ಸಂಘಗಳಲ್ಲಿ ವಕೀಲರಿಗೆ ಕೊರತೆಯಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷದೊಂದಿಗೆ ಅರ್ಜಿ ಹಾಕುವುದು ಹೇಗೆ, ಪತ್ನಿಯ ಅಥವಾ ತಾಯಿಯ ಹೆಸರು ಸೇರಿಸುವುದು ಹೇಗೆ, ಕುಟುಂಬದೊಳಗಿನ ದಾನಪತ್ರಕ್ಕೆ ಇರುವ ಮುದ್ರಾಂಕ ಶುಲ್ಕದ ರಿಯಾಯಿತಿ ಏನು ಎಂಬುದನ್ನು ಒಂದು ಭಾನುವಾರ ತಿಳಿಸಿಕೊಟ್ಟರೆ ಹಲವು ಮನೆಗಳ ಬಾಕಿ ಕೆಲಸ ಮುಗಿಯುತ್ತದೆ.

ಎರಡನೆಯದು ವಿದ್ಯಾರ್ಥಿ ವೇತನ. ವೈದ್ಯಕೀಯ, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಕೊಡುತ್ತೇವೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಓದುವ ರೈತರ ಹೆಣ್ಣುಮಕ್ಕಳಿಗೂ ಒಂದೆರಡು ಮೀಸಲಿಡೋಣ. ನೆಟೆ ರೋಗಕ್ಕೆ ಮುಂದಿನ ಮದ್ದು ಕಂಡುಹಿಡಿಯುವವಳು ಅವರಲ್ಲೇ ಇರಬಹುದು.

ಮೂರನೆಯದು ಖರೀದಿ. ವಾರ್ಷಿಕೋತ್ಸವ, ಆಟಿಡೊಂಜಿ ದಿನ, ರಾಜ್ಯೋತ್ಸವಗಳಲ್ಲಿ ಸಾವಿರಾರು ಜನರಿಗೆ ಊಟ ಹಾಕುತ್ತೇವೆ. ಆ ಬೇಳೆ, ಕುಚ್ಚಲಕ್ಕಿ, ರಾಗಿ, ಸಿರಿಧಾನ್ಯದ ಒಂದು ಪಾಲನ್ನಾದರೂ ಊರಿನ ಮಹಿಳಾ ಸಂಘಗಳಿಂದ ನೇರವಾಗಿ ತರಿಸಬಹುದು. ಸಾಗಣೆಯ ಏರ್ಪಾಡು ಒಮ್ಮೆ ಕೂಡಿಬಂದರೆ ಮನೆಮನೆಗೂ ಹಂಚಬಹುದು.

ನಾಲ್ಕನೆಯದು ಸನ್ಮಾನ. ವೇದಿಕೆಯ ಮೇಲೆ ಶಾಲು ಹೊದಿಸುವಾಗ ಉದ್ಯಮಿ, ಕಲಾವಿದರ ಜತೆಗೆ ಊರಿನಿಂದ ಒಬ್ಬ ರೈತ ಮಹಿಳೆಯನ್ನೂ ಕರೆಸೋಣ. ಅಕ್ಟೋಬರ್ 15 ದೇಶದಲ್ಲಿ ರೈತ ಮಹಿಳೆಯರ ದಿನ. ಅಂದು ಅವರ ಕೈಗೆ ಹಾರ-ಹಣ್ಣು ಕೊಟ್ಟು ಕೂರಿಸದೆ ಧ್ವನಿವರ್ಧಕ ಕೊಟ್ಟು ಮಾತನಾಡಿಸಬೇಕು. ಬೀಜ, ಮಳೆ, ಸಾಲದ ವಿಚಾರ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇವೆಲ್ಲಕ್ಕೂ ಮುಂಚೆ ನಾವು ಒಬ್ಬೊಬ್ಬರೇ ಮಾಡಬಹುದಾದ ಕೆಲಸ ಒಂದಿದೆ. ಮುಂದಿನ ಬಾರಿ ಕೋಲಕ್ಕೋ, ಜಾತ್ರೆಗೋ, ಮದುವೆಗೋ ಊರಿಗೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡು ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ. ಅದನ್ನು ಮನೆಗೆ ತಂದು, ಆ ಭೂಮಿಯನ್ನು ಈವರೆಗೆ ನೋಡಿಕೊಂಡವರ ಮುಂದೆಯೇ ಕುಳಿತು ಓದಿ. ಅವರ ಹೆಸರು ಅದರಲ್ಲಿ ಇಲ್ಲದಿದ್ದರೆ, ಮುಂಬಯಿಯ ರೈಲು ಹತ್ತುವ ಮೊದಲು ಅರ್ಜಿ ಕೊಟ್ಟು ಬನ್ನಿ.